ಮೆಟ್ರಿಕ್ ನಪಾಸಾದ ಡಿ.ವಿ.ಜಿ.

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಯಾರ ಬಗ್ಗೆ ಬರೆಯಬೇಕೆಂಬ ಪ್ರಶ್ನೆ ಬಂತು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಕಿತ್ತೂರಿನ ಕೋಟೆ ಇದೆ, ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿ ಇದೆ, ಸಂಗೊಳ್ಳಿ ಇದೆ, ಬೆಳವಡಿ ಇದೆ. ಆದರೆ ಚನ್ನಮ್ಮ, ರಾಯಣ್ಣ, ಮಲ್ಲಮ್ಮ ಇವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಗುರುಗಳು ಈ ಸಂಚಿಕೆಯಲ್ಲೇ ಇದ್ದಾರೆ. ನಾನು ಸ್ವಲ್ಪ ದೂರದವರನ್ನು ಆರಿಸಿಕೊಂಡೆ. ಇವರು ಕೋಲಾರ ಜಿಲ್ಲೆಯ ಮುಳಬಾಗಿಲಿನವರು. ಇವರನ್ನು ಆರಿಸಲು ಒಂದೇ ಕಾರಣ: ಇವತ್ತಿನ ಎಸ್.ಎಸ್.ಎಲ್.ಸಿ.ಗೆ ಸಮನಾದ ಪರೀಕ್ಷೆಯಲ್ಲಿ ಇವರು ನಪಾಸಾದರು, ಮತ್ತು ಆ ಪರೀಕ್ಷೆಯನ್ನು ಕೊನೆಯವರೆಗೂ ಪಾಸು ಮಾಡಲಿಲ್ಲ.

ಇಂಥ ಸಂಚಿಕೆಗಳಲ್ಲಿ ಪ್ರತಿ ವರ್ಷ ಶಾಲೆಗೆ ಮೊದಲು ಬಂದವರ ಪಟ್ಟಿ ಇರುತ್ತದೆ. ಇರಬೇಕಾದದ್ದೇ. ಅದರಲ್ಲಿ ನಮ್ಮ ಅಕ್ಕ, ಅಣ್ಣ, ಗೆಳೆಯರ ಹೆಸರು ಹುಡುಕುವುದು ನಮಗೆಲ್ಲ ಸಂತೋಷ. ಆದರೆ ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹತ್ತನೆಯ ಪರೀಕ್ಷೆಗೆ ಕೂತು ಹಿಂದೆ ಬಿದ್ದವರ ಪಟ್ಟಿ ಎಲ್ಲೂ ಇಲ್ಲ. ಅವರೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿಗಳು. ಕೆಲವರು ಹೊಲಕ್ಕೆ ಹೋದರು, ಕೆಲವರು ರಾಮದುರ್ಗದ ಮಗ್ಗಕ್ಕೆ ಕೂತರು, ಕೆಲವರು ಬೈಲಹೊಂಗಲದ ಅರಳೆ ಅಂಗಡಿಗಳಲ್ಲಿ ತೂಕ ಬರೆದರು, ಕೆಲವರು ಗೋವಾಕ್ಕೋ ಪುಣೆಗೋ ಬಸ್ಸು ಹತ್ತಿದರು. ಫಲಿತಾಂಶದ ದಿನ ಮನೆಗೆ ಬರದೆ ಯಲ್ಲಮ್ಮನ ಗುಡ್ಡದ ಕಡೆಗೆ ನಡೆದುಬಿಟ್ಟ ಹುಡುಗರನ್ನು ಹಿರಿಯರು ಹುಡುಕಿ ತಂದ ಕತೆ ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಇದೆ. ಹುಡುಕಲು ಹೋದವರು ಹಾಗೇ ಕೈ ಬೀಸಿಕೊಂಡು ಬಂದ ಕತೆಯೂ ಇದೆ. ಆ ಮನೆಗಳ ಹೆಸರು ಇಲ್ಲಿ ಬೇಡ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ದೇವನಹಳ್ಳಿ ಎಂಬುದು ಕುಟುಂಬದ ಹಿಂದಿನ ಊರು. ಹುಡುಗ ಬೆಳೆದದ್ದು ಮುಳಬಾಗಿಲಿನಲ್ಲಿ. ಮನೆಯಲ್ಲಿ ಆಡುವ ಮಾತು ತಮಿಳು. ಆಂಧ್ರದ ಗಡಿಗೆ ಅಂಟಿದ ಊರಾದ್ದರಿಂದ ಬೀದಿಯಲ್ಲಿ ತೆಲುಗು. ಶಾಲೆಯಲ್ಲಿ ಕನ್ನಡ. ಮರಾಠಿ, ಕನ್ನಡ, ಉರ್ದು ಒಂದೇ ಸಂತೆಯಲ್ಲಿ ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ. ಮುಂದೆ ಕನ್ನಡಕ್ಕೆ ಅಷ್ಟು ದೊಡ್ಡ ಕೆಲಸ ಮಾಡಿದವರು ಕನ್ನಡವನ್ನು ತಾಯಿಯ ಬಾಯಿಂದ ಕಲಿತವರಲ್ಲ, ಶಾಲೆಯಲ್ಲೂ ಊರಿನಲ್ಲೂ ಕಲಿತವರು ಎಂಬುದನ್ನು ಮಾತ್ರ ಗಮನಿಸಬೇಕು.

ಹುಡುಗ ದಡ್ಡನಾಗಿರಲಿಲ್ಲ. ಪ್ರಾಥಮಿಕ ಶಾಲೆ ಮುಗಿಸಿ, ಲೋವರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿ, ಮೈಸೂರಿಗೆ ಹೋಗಿ ಮಹಾರಾಜಾ ಹೈಸ್ಕೂಲಿಗೆ ಸೇರಿದ. ಆ ಕಾಲದಲ್ಲಿ ಮುಳಬಾಗಿಲಿನಂಥ ಊರಿನಿಂದ ಮೈಸೂರಿಗೆ ಓದಲು ಹೋಗುವುದು ಸಣ್ಣ ಮಾತಲ್ಲ. ಆದರೆ ಅಲ್ಲಿ ನೆಲೆ ನಿಲ್ಲಲಿಲ್ಲ. ಮರಳಿ ಬಂದು ಕೋಲಾರದಲ್ಲಿ ಓದು ಮುಂದುವರಿಸಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂತ. ತೇರ್ಗಡೆಯಾಗಲಿಲ್ಲ.

ಮೆಟ್ರಿಕ್ ಎಂದರೆ ಆಗ ಏನು ಎಂಬುದನ್ನು ಈಗಿನ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದ ಹುಡುಗರು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಬೇಕಿತ್ತು. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯವರಿಗೆ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್. ಇಂಗ್ಲಿಷಿನಲ್ಲಿ ಬರೆಯಬೇಕಾದ ಪರೀಕ್ಷೆ. ಅದನ್ನು ದಾಟಿದರೆ ಕಾಲೇಜು, ಇಲ್ಲವೆ ಸರ್ಕಾರಿ ಕಚೇರಿಯ ಕುರ್ಚಿ. ದಾಟದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಮುಲ್ಕಿ ಪರೀಕ್ಷೆ ಎಂಬುದೊಂದಿತ್ತು. ಕನ್ನಡದಲ್ಲೇ ಬರೆಯುವ ಅದನ್ನು ಪಾಸು ಮಾಡಿದವರು ಕನ್ನಡ ಸಾಲಿ ಮಾಸ್ತರರಾಗಬಹುದಿತ್ತು. ಮೆಟ್ರಿಕ್‌ನ ದಾರಿಯೇ ಬೇರೆ. ಅದು ಇಂಗ್ಲಿಷ್ ರಾಜ್ಯದೊಳಕ್ಕೆ ಹೋಗುವ ಸೋಸಣಿಗೆ. ಬಹಳ ಮಂದಿಯನ್ನು ಹೊರಗೆ ನಿಲ್ಲಿಸುವುದೇ ಸೋಸಣಿಗೆಯ ಕೆಲಸ.

ಇದೇ 1887ನೆಯ ಇಸವಿಯ ಡಿಸೆಂಬರಿನಲ್ಲಿ ಈರೋಡಿನಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ್ದ. ಶ್ರೀನಿವಾಸ ರಾಮಾನುಜನ್. ಆತ ಮೆಟ್ರಿಕ್ ಪಾಸಾದರೂ ಅದೇ ಮದರಾಸು ವಿಶ್ವವಿದ್ಯಾಲಯದ ಮುಂದಿನ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದ, ಗಣಿತ ಬಿಟ್ಟು ಬೇರೆ ವಿಷಯ ಓದದೆ ಕುಂಭಕೋಣದ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡ. ಒಂದೇ ವರ್ಷ ಹುಟ್ಟಿದ ಇಬ್ಬರನ್ನು ಒಂದೇ ವಿಶ್ವವಿದ್ಯಾಲಯ ಕೆಲವೇ ವರ್ಷಗಳ ಅಂತರದಲ್ಲಿ ಅನರ್ಹರೆಂದು ಹೊರಗಿಟ್ಟಿತು. ಪರೀಕ್ಷೆ ಸುಳ್ಳು ಹೇಳಿತು ಎಂದು ನಾನು ಹೇಳುತ್ತಿಲ್ಲ. ಅದು ಕೇಳಿದ ಪ್ರಶ್ನೆಗೆ ಅವರು ಉತ್ತರ ಬರೆದಿರಲಿಲ್ಲ, ಅಷ್ಟು ನಿಜ. ನನ್ನ ಕಸುಬಿನಲ್ಲಿ ಬರೆದ ಪ್ರೋಗ್ರಾಮ್ ಮೊದಲ ಸಲಕ್ಕೇ ಓಡುವುದು ಅಪರೂಪ. ಆದರೆ ಯಂತ್ರ ಯಾವ ಸಾಲಿನಲ್ಲಿ ನಿಂತೆನೆಂದು ತೋರಿಸುತ್ತದೆ. ಮೆಟ್ರಿಕ್ ಫಲಿತಾಂಶ ಅಷ್ಟೂ ಹೇಳುತ್ತಿರಲಿಲ್ಲ. ಗೆಜೆಟ್ಟಿನಲ್ಲಿ ನಂಬರು ಇದೆ, ಅಥವಾ ಇಲ್ಲ.

ನಂಬರು ಇಲ್ಲದ ಗುಂಡಪ್ಪ ಏನು ಮಾಡಿದರು? ಅಷ್ಟು ಹೊತ್ತಿಗೆ ಆ ಕಾಲದ ರೂಢಿಯಂತೆ ಚಿಕ್ಕ ವಯಸ್ಸಿನಲ್ಲೇ ಮದುವೆಯೂ ಆಗಿತ್ತು, ಹೆಂಡತಿ ಭಾಗೀರಥಮ್ಮ. ಊರಿನಲ್ಲಿ ಸ್ವಲ್ಪ ಕಾಲ ಬದಲಿ ಮಾಸ್ತರಿಕೆ ಸಿಕ್ಕಿತು. ಬೇರೆಯವರು ರಜೆ ಹಾಕಿದಾಗ ಸಿಗುವ ಕೆಲಸ ಅದು, ಅವರು ಬಂದರೆ ಹೋಗುವ ಕೆಲಸ. ಆಮೇಲೆ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಒಂದು ಸೋಡಾ ಕಾರ್ಖಾನೆ. ನೆಲದಡಿಯಿಂದ ಚಿನ್ನ ತೆಗೆಯುತ್ತಿದ್ದ ಊರಿನಲ್ಲಿ ಅವರ ಪಾಲಿಗೆ ಬಂದದ್ದು ಸೋಡಾ ಶೀಶೆಗಳ ಲೆಕ್ಕ. ಅದೂ ಉಳಿಯಲಿಲ್ಲ. ಬೆಂಗಳೂರಿಗೆ ಬಂದರು. ಅಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಕೆಲಸ.

ಈ ಮೂರು ಕೆಲಸಗಳನ್ನು ಹೇಳುವಾಗ ಭಾಷಣಕಾರರು ಬೇಗ ಬೇಗ ಹೇಳಿ ಮುಂದಿನ ಪದ್ಮಭೂಷಣಕ್ಕೆ ಓಡುತ್ತಾರೆ. ನನಗೆ ಇಲ್ಲೇ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಜಟಕಾಕ್ಕೆ ಬಣ್ಣ ಹಾಕುವಲ್ಲಿ ಕೂತಿದ್ದ ಹದಿನೆಂಟು-ಇಪ್ಪತ್ತರ ಹುಡುಗನಿಗೆ ಮುಂದೆ ತಾನು ಡಿ.ವಿ.ಜಿ. ಆಗುತ್ತೇನೆಂದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮೂರೇ: ಪರೀಕ್ಷೆ ಹೋಗಿದೆ, ಮನೆಗೆ ಹಣ ಕಳಿಸಬೇಕು, ಈ ಕೆಲಸವೂ ಎಷ್ಟು ದಿನವೋ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಇವತ್ತು ನಮ್ಮ ಊರಿನ ಹುಡುಗರು ಇದೇ ಲೆಕ್ಕ ಹಾಕುತ್ತಿರುತ್ತಾರೆ.

ಅವರನ್ನು ಅಲ್ಲಿಂದ ಎತ್ತಿದ್ದು ಬರವಣಿಗೆ. ಬೆಂಗಳೂರಿನಲ್ಲಿ ಆಗ 'ಸೂರ್ಯೋದಯ ಪ್ರಕಾಶಿಕೆ' ಎಂಬ ಕನ್ನಡ ಪತ್ರಿಕೆ ಇತ್ತು. ಅದಕ್ಕೆ ವರದಿಗಾರರಾಗಿ ಸೇರಿದರು. ಪತ್ರಿಕೆಗೆ ಮೆಟ್ರಿಕ್ ಬೇಕಿರಲಿಲ್ಲ. ಸಭೆಗೆ ಹೋಗಿ ಕೇಳಿದ್ದನ್ನು ಸರಿಯಾಗಿ ಬರೆಯಬಲ್ಲವನು ಬೇಕಿತ್ತು. ಇಂಗ್ಲಿಷ್ ಪತ್ರಿಕೆಗಳಿಗೂ ಲೇಖನ ಕಳಿಸತೊಡಗಿದರು. ಮೆಟ್ರಿಕ್ ಆಗದವರ ಇಂಗ್ಲಿಷ್ ಮದರಾಸಿನ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿತು.

ಪರೀಕ್ಷೆ ಹೋದ ಮೇಲೆ ಓದು ಶುರುವಾಯಿತು ಎಂದು ಹೇಳುವುದೇ ಸರಿ. ಸಂಸ್ಕೃತ ಮತ್ತು ವೇದಾಂತವನ್ನು ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳಂಥ ದೊಡ್ಡ ಪಂಡಿತರ ಬಳಿ ಪಾಠ ಹೇಳಿಸಿಕೊಂಡರು. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ರಾಜ್ಯಶಾಸ್ತ್ರ, ಚರಿತ್ರೆ, ಕಾವ್ಯ. ಮುಂದೆ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಕನ್ನಡಕ್ಕೆ ತಂದರು. ಉಮರ್ ಖಯ್ಯಾಮನ ಪದ್ಯಗಳನ್ನು 'ಉಮರನ ಒಸಗೆ' ಎಂದು ಕನ್ನಡಿಸಿದರು. ಅದು 1930ರಲ್ಲಿ ಬಂತು. ರಾಜ್ಯಶಾಸ್ತ್ರವನ್ನು ಕನ್ನಡದಲ್ಲೇ ಬರೆದರು. ಸಂವಿಧಾನ, ಪ್ರಜೆಯ ಹೊಣೆ, ಸಂಸ್ಥಾನಗಳ ಆಡಳಿತ ಇವೆಲ್ಲ ಅವರಿಗೆ ಹಗಲಿನ ಕೆಲಸ, ಪದ್ಯ ರಾತ್ರಿಯ ಕೆಲಸ ಎಂಬಂತೆ ಕಾಣುತ್ತದೆ. ಯಾವ ಪರೀಕ್ಷಕನೂ ಇಲ್ಲದ ಓದು ಇದು. ಹಾಗೆ ಓದುವುದು ಸುಲಭ ಎಂದುಕೊಂಡವರು ಎರಡು ತಿಂಗಳು ಮಾಡಿ ನೋಡಬೇಕು.

ಪತ್ರಿಕೆಯ ಬದುಕೂ ನೇರ ರಸ್ತೆಯಾಗಿರಲಿಲ್ಲ. 'ಭಾರತಿ' ಎಂಬ ದಿನಪತ್ರಿಕೆ ನಡೆಸಿದರು. ಅದು ಬಹಳ ಕಾಲ ಬಾಳಲಿಲ್ಲ. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಒಂದು ಕಟ್ಟುನಿಟ್ಟಿನ ಕಾನೂನು ತಂದಿತು. ಹಲವು ಪತ್ರಿಕೆಗಳು ಬಾಗಿಲು ಹಾಕಿದವು. ಗುಂಡಪ್ಪನವರೂ ಕೆಲಕಾಲ ಮದರಾಸಿನ ಕಡೆ ಹೋಗಿ ಬಂದರು. ಮತ್ತೆ ಬೆಂಗಳೂರು, ಮತ್ತೆ ಪತ್ರಿಕೆ; 'ಸುಮತಿ' ಎಂಬುದೊಂದು ಬಂತು, ಹೋಯಿತು. 1913ರ ಏಪ್ರಿಲಿನಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಅರ್ಧ ಸಾಪ್ತಾಹಿಕ ಶುರುಮಾಡಿದರು. ಅವರಿಗೆ ಆಗ 26 ವರ್ಷ. ಈ ಪತ್ರಿಕೆಯಿಂದ ಅವರ ಹೆಸರು ಸಂಸ್ಥಾನದ ಆಚೆಗೂ ಹೋಯಿತು. ಅದೂ 1921ಕ್ಕೆ ನಿಂತಿತು. ಒಬ್ಬ ಮನುಷ್ಯ ಹದಿನೈದು ವರ್ಷಗಳಲ್ಲಿ ಎಷ್ಟು ಪತ್ರಿಕೆ ಕಟ್ಟಿದರು, ಎಷ್ಟು ಮುಚ್ಚುವುದನ್ನು ನೋಡಿದರು ಎಂದು ಎಣಿಸಿದರೆ ಮೆಟ್ರಿಕ್ ಒಂದೇ ಅವರ ಸೋಲಾಗಿರಲಿಲ್ಲ ಎಂದು ತಿಳಿಯುತ್ತದೆ. ಮೊದಲನೆಯ ಸೋಲು ಚಿಕ್ಕ ವಯಸ್ಸಿನಲ್ಲಿ ಬಂದಿದ್ದರಿಂದ ಉಳಿದವಕ್ಕೆ ಅಭ್ಯಾಸವಾಗಿತ್ತೋ ಏನೋ. ಇದು ನನ್ನ ಊಹೆ.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರಿಗೂ ಈ ಯುವ ಸಂಪಾದಕರಿಗೂ ಒಳ್ಳೆಯ ಸ್ನೇಹ. ದಸರಾ ಉತ್ಸವಕ್ಕೆ ಕರೆಸಿಕೊಂಡ ಪತ್ರಕರ್ತರಿಗೆ ಸರ್ಕಾರದಿಂದ ಸಂಭಾವನೆ ಕೊಡುವ ಏರ್ಪಾಟಾದಾಗ ಗುಂಡಪ್ಪನವರು ಅದನ್ನು ಬೇಡವೆಂದರು. ಸರ್ಕಾರದ ತಪ್ಪನ್ನು ಬರೆಯಬೇಕಾದವರು ಸರ್ಕಾರದ ಹಣ ಮುಟ್ಟಬಾರದು ಎಂಬುದು ಅವರ ವಾದ. ದಿವಾನರು ಸ್ನೇಹಿತರು ಎಂಬುದೂ ಅವರಿಗೆ ಅಡ್ಡಿಯಾಗಲಿಲ್ಲ. ಹಣ ಇದ್ದು ಬೇಡವೆಂದದ್ದಲ್ಲ. ಮನೆಯಲ್ಲಿ ಕಷ್ಟ ಇದ್ದಾಗಲೇ ಬೇಡವೆಂದದ್ದು.

ಆ ಕಷ್ಟವನ್ನು ಹೆಚ್ಚಾಗಿ ಹೊತ್ತವರು ಭಾಗೀರಥಮ್ಮನವರು. ಗಂಡಸರ ಸಾಧನೆಯ ಚರಿತ್ರೆಗಳಲ್ಲಿ ಈ ಭಾಗ ಸಣ್ಣ ಅಕ್ಷರದಲ್ಲಿ ಇರುತ್ತದೆ. ಡಿ.ವಿ.ಜಿ.ಯವರೇ ಬರೆದಿಟ್ಟ ಒಂದು ಪ್ರಸಂಗ ಇದು. ನೆಂಟರ ಮನೆಯ ಶುಭಕಾರ್ಯಕ್ಕೆ ಮಕ್ಕಳನ್ನು ಕಳಿಸಿ ಭಾಗೀರಥಮ್ಮ ತಾವು ಮನೆಯಲ್ಲೇ ಉಳಿದರು. ಯಾಕೆಂದು ಗಂಡ ಕೇಳಿದರು. ಉಟ್ಟುಕೊಂಡು ಹೋಗಲು ಹರಿಯದ ಸೀರೆ ಇರಲಿಲ್ಲ. ಅದಕ್ಕಿಂತ ಹೆಚ್ಚಿನ ಕಾರಣವೆಂದರೆ, ದಿವಾನರ ಸಂಗಡ ಓಡಾಡುವವರ ಹೆಂಡತಿ ಹರಿದ ಸೀರೆಯಲ್ಲಿ ಬಂದರೆ ಜನ ಆಡುವ ಮಾತು ಗಂಡನ ಮರ್ಯಾದೆಗೆ ತಾಗುತ್ತದೆ ಎಂಬ ಎಚ್ಚರ. ಇದನ್ನು ಓದಿದಾಗಲೆಲ್ಲ ನನಗೆ ಅವರ ದಸರಾ ಸಂಭಾವನೆಯ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಬೇಡವೆಂದು ಹೇಳಿದವರು ಒಬ್ಬರು, ಅದರ ಬೆಲೆ ಕೊಟ್ಟವರು ಇಬ್ಬರು. 1924ರಲ್ಲಿ ಅಡಿಗೆಮನೆಯಲ್ಲಿ ಬೆಂಕಿ ತಗುಲಿ ಭಾಗೀರಥಮ್ಮ ತೀರಿಕೊಂಡರು. ಗುಂಡಪ್ಪನವರಿಗೆ 37 ವರ್ಷ, ಮನೆ ತುಂಬ ಸಣ್ಣ ಮಕ್ಕಳು. ಮತ್ತೆ ಮದುವೆಯಾಗಲಿಲ್ಲ. ಆ ಮಕ್ಕಳಲ್ಲಿ ಒಬ್ಬರೇ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ. ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಸಂಶೋಧನೆ ಮಾಡಿ ಬಂದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಚಾರ್ಯರಾಗಿ, 'ಹಸುರು ಹೊನ್ನು' ಬರೆದವರು. ಅಪ್ಪನಿಗೆ ಮೆಟ್ರಿಕ್ ಕೊಡದ ಮದರಾಸಿನಲ್ಲಿ ಮಗ ಪ್ರಾಚಾರ್ಯ!

ಸಾರ್ವಜನಿಕ ಬದುಕಿನ ವಿವರ ಉದ್ದವಾಗಿದೆ, ಸಂಕ್ಷೇಪವಾಗಿ ಹೇಳುತ್ತೇನೆ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವಾಗ ಅದಕ್ಕೆ ದುಡಿದವರಲ್ಲಿ ಇವರೂ ಒಬ್ಬರು. ಮುಂದೆ ಅದರ ಉಪಾಧ್ಯಕ್ಷರಾದರು. ಬೆಂಗಳೂರಿನ ಪೌರಸಭೆಯಲ್ಲಿ ಕೂತರು. 1926ರಿಂದ 1940ರವರೆಗೆ ಮೈಸೂರು ಶಾಸನಸಭೆಯ ಸದಸ್ಯರಾಗಿದ್ದರು. ಮೈಸೂರು ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲೂ ಇದ್ದರು. ಪದವಿಗಳ ನಿಯಮ ಚರ್ಚಿಸುವ ಮೇಜಿನ ಸುತ್ತ ಮೆಟ್ರಿಕ್ ಇಲ್ಲದ ಒಬ್ಬರು ಕೂತಿದ್ದುದನ್ನು ನೆನೆದರೆ ಖುಷಿಯಾಗುತ್ತದೆ.

ನಮ್ಮ ಕಡೆಗೂ ಬಂದಿದ್ದರು. 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನ ನಡೆಯಿತು. ಆಗ ಬಾಗಲಕೋಟೆ ಮುಂಬಯಿ ಪ್ರಾಂತ್ಯ, ಡಿ.ವಿ.ಜಿ. ಮೈಸೂರಿನವರು. ಬೇರೆ ರಾಜ್ಯದಿಂದ ಅಧ್ಯಕ್ಷರನ್ನು ಕರೆಸಿದಂತೆ ಲೆಕ್ಕ. ಆದರೆ ಕನ್ನಡದ ಲೆಕ್ಕವೇ ಬೇರೆ. ರಾಮದುರ್ಗದಿಂದ ಬಾಗಲಕೋಟೆ ಎಷ್ಟು ದೂರ? ಸವದತ್ತಿ, ರಾಮದುರ್ಗದ ಕಡೆಯ ಯಾರಾದರೂ ಪತ್ರಿಕೆ ಓದುವ ಹಿರಿಯರು ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತಿರಬಹುದು ಎಂದು ಅಂದುಕೊಳ್ಳಲು ನನಗೆ ಇಷ್ಟ. ಮರುವರ್ಷ, 1929ರಲ್ಲಿ, ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ. ಮಾಸ್ತಿ ಎಂ.ಎ. ಪಾಸಾಗಿ ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದವರು. 1932ರಲ್ಲಿ ಮಡಿಕೇರಿಯ ಸಮ್ಮೇಳನದಲ್ಲಿ ಅದೇ ಪೀಠದಲ್ಲಿ ಡಿ.ವಿ.ಜಿ. ಕೂತರು. ಪೀಠ ಒಂದೇ.

ಇಲ್ಲಿ ನನಗೆ ಒಂದು ತಕರಾರು ಇದೆ. ಫಲಿತಾಂಶ ಕೆಟ್ಟ ಮಕ್ಕಳಿಗೆ ಸಮಾಧಾನ ಹೇಳಲು ಇಂಥ ಕತೆಗಳನ್ನು ಹೇಳುವುದು ಒಂದು ರೂಢಿಯಾಗಿದೆ. ಮೊಬೈಲಿನಲ್ಲಿ ಅಂಥ ಸಂದೇಶಗಳು ಮೇ ತಿಂಗಳಲ್ಲಿ ಹಿಂಡಾಗಿ ಬರುತ್ತವೆ. ಇಂಥವರು ಫೇಲಾಗಿದ್ದರು, ನೋಡಿ ಈಗ ಎಲ್ಲಿದ್ದಾರೆ. ಅದು ಅರ್ಧ ಮಾತು. ಗುಂಡಪ್ಪನವರಿಗೆ ಮೆಟ್ರಿಕ್ ಇರಲಿಲ್ಲ, ಆದರೆ ಬೇರೆ ಕೆಲವು ಇದ್ದವು. ಅಕ್ಷರ ಹೊಸದಲ್ಲದ ಮನೆತನ ಇತ್ತು. ಬಾಗಿಲು ತಟ್ಟಿದರೆ ಪಾಠ ಹೇಳುವ ಶಾಸ್ತ್ರಿಗಳು ಇದ್ದರು, ಮತ್ತು ಆ ಬಾಗಿಲು ಆ ಕಾಲದಲ್ಲಿ ಎಲ್ಲರಿಗೂ ತೆರೆಯುತ್ತಿರಲಿಲ್ಲ. ಅವರ ಹುಟ್ಟಿಗೆ ತೆರೆಯಿತು. ಇದೇ ಮುಳಬಾಗಿಲಿನಲ್ಲಿ ಅದೇ ವರ್ಷ ಹುಟ್ಟಿದ ಕೂಲಿಕಾರನ ಮಗ ಮೆಟ್ರಿಕ್‌ವರೆಗೆ ಹೋಗುತ್ತಲೇ ಇರಲಿಲ್ಲ, ಆದ್ದರಿಂದ ನಪಾಸಾಗುವ ಅವಕಾಶವೂ ಅವನಿಗೆ ಇರಲಿಲ್ಲ. ಅವರ ಪರಿಶ್ರಮವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಶಾಲೆಯ ಬಾಗಿಲು ಮುಚ್ಚಿದ ಮೇಲೆ ತಟ್ಟಲು ಇನ್ನೊಂದು ಬಾಗಿಲು ಬೇಕಾಗುತ್ತದೆ, ಅದು ನಮ್ಮ ಹುಡುಗರಿಗೆ ಎಲ್ಲಿದೆ ಎಂದು ಕೇಳಲು ಹೇಳುತ್ತಿದ್ದೇನೆ.

ಈ ಪ್ರಶ್ನೆಯನ್ನು ಡಿ.ವಿ.ಜಿ. ತಾವೇ ಕೇಳಿಕೊಂಡಂತೆ ತೋರುತ್ತದೆ. 1945ರಲ್ಲಿ ಬೆಂಗಳೂರಿನಲ್ಲಿ ಅವರು 'ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ' ಕಟ್ಟಿದರು. ಗೋಪಾಲಕೃಷ್ಣ ಗೋಖಲೆ ನಮ್ಮದೇ ಮುಂಬಯಿ ಪ್ರಾಂತ್ಯದವರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರು, ಡಿ.ವಿ.ಜಿ.ಯವರಿಗೆ ಆದರ್ಶ. ಸಂಸ್ಥೆಯಲ್ಲಿ ಒಂದು ಗ್ರಂಥಾಲಯ, ಓದುವ ಕೋಣೆ, ಉಪನ್ಯಾಸಗಳು, ಅಧ್ಯಯನ ಗೋಷ್ಠಿ. ಒಳಗೆ ಬರಲು ಯಾವ ಪ್ರಮಾಣಪತ್ರವೂ ಬೇಡ. ಬಜೆಟ್ ಎಂದರೇನು, ಮತ ಹಾಕುವವನ ಕೆಲಸ ಏನು, ಗೀತೆ ಏನು ಹೇಳುತ್ತದೆ, ಹೀಗೆ ಯಾವುದಾದರೂ ಒಂದನ್ನು ಹಿಡಿದು ವಾರ ವಾರ ಕೂತು ಓದುವುದು. ವಕೀಲರು, ವೈದ್ಯರು, ಗುಮಾಸ್ತರು, ವಿದ್ಯಾರ್ಥಿಗಳು ಒಂದೇ ಜಮಖಾನೆಯ ಮೇಲೆ. ಭಗವದ್ಗೀತೆಯ ಮೇಲೆ ಅಲ್ಲಿ ಅವರು ನಡೆಸಿದ ಪಾಠಗಳೇ ಬೆಳೆದು 'ಜೀವನಧರ್ಮಯೋಗ' ಎಂಬ ದೊಡ್ಡ ಗ್ರಂಥವಾಯಿತು. ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಸಂಸ್ಥೆ ಈಗಲೂ ಬಸವನಗುಡಿಯ ಹತ್ತಿರ ನರಸಿಂಹರಾಜ ಕಾಲೊನಿಯಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ ಇದೆ. ನಾನು ಅಲ್ಲಿ ಕೆಲವು ಭಾನುವಾರ ಕೂತದ್ದುಂಟು. ನಮ್ಮ ಆಫೀಸಿನ ಕಟ್ಟಡಕ್ಕೆ ಹೋಲಿಸಿದರೆ ಅದು ಸಣ್ಣದು, ಫ್ಯಾನ್ ತಿರುಗುವ ಸದ್ದು ಕೇಳುತ್ತದೆ. ಬೆಂಗಳೂರಿಗೆ ಬರುವ ನಮ್ಮ ಊರಿನವರು ಲಾಲ್‌ಬಾಗ್ ನೋಡಿ ಹೋಗುತ್ತಾರೆ. ಅಲ್ಲಿಂದ ಇದು ಹತ್ತಿರವೇ.

ಸಂಸ್ಥೆಗಿಂತ ಎರಡು ವರ್ಷ ಮುಂಚೆ, 1943ರಲ್ಲಿ, 'ಮಂಕುತಿಮ್ಮನ ಕಗ್ಗ' ಬಂದಿತ್ತು. 945 ಪದ್ಯಗಳು. ನಮ್ಮ ಕಡೆಯ ಮನೆಗಳಲ್ಲಿ ವಚನದ ಪುಸ್ತಕದ ಪಕ್ಕದಲ್ಲಿ ಅದು ಇರುವುದನ್ನು ನೋಡಿದ್ದೇನೆ. ಪದ್ಯಗಳನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಓದುಗರಿಗೆ ಬಾಯಿಪಾಠ ಇದೆ, ಇನ್ನರ್ಧ ಜನ ಪುಸ್ತಕವನ್ನೇ ತೆಗೆದು ಓದಬೇಕು. ಒಂದು ಮಾತು ಮಾತ್ರ. ಆ ಪುಸ್ತಕದಲ್ಲಿ ಮಾತಾಡುವವನು ಪಂಡಿತನಲ್ಲ, ಗುರುವಲ್ಲ. ಮಂಕ. ಮಂಕು ಬಡಿದ ತಿಮ್ಮ. 56ನೆಯ ವಯಸ್ಸಿನಲ್ಲಿ, ನಾಡೆಲ್ಲ ವಿದ್ವಾಂಸರೆಂದು ಒಪ್ಪಿದ ಮೇಲೆ, ತಮ್ಮ ಅತಿ ದೊಡ್ಡ ಪುಸ್ತಕಕ್ಕೆ ಅವರು ಆರಿಸಿಕೊಂಡ ಹೆಸರು ಕ್ಲಾಸಿನ ಹಿಂದಿನ ಬೆಂಚಿನ ಹುಡುಗನಿಗೆ ಮಾಸ್ತರರು ಇಡುವಂಥ ಹೆಸರು.

ಇನ್ನೊಂದು ಪುಸ್ತಕಮಾಲೆ ನನಗೆ ಕಗ್ಗಕ್ಕಿಂತ ಹತ್ತಿರ: 'ಜ್ಞಾಪಕ ಚಿತ್ರಶಾಲೆ'. ಎಂಟು ಸಂಪುಟ. ಅದರಲ್ಲಿ ದಿವಾನರು, ಸಾಹಿತಿಗಳು, ಸಂಗೀತಗಾರರು ಇದ್ದಾರೆ. ಅವರ ಜೊತೆಗೆ ಹಳ್ಳಿಯ ಮಾಸ್ತರರು, ವೈದಿಕರು, ಅಡಿಗೆಯವರು, ಯಾವ ಪರೀಕ್ಷೆಗೂ ಕೂರದ ಅಜ್ಜಿಯರು ಇದ್ದಾರೆ. ಇವರಲ್ಲಿ ಹೆಚ್ಚಿನವರ ಹೆಸರು ಡಿ.ವಿ.ಜಿ. ಬರೆಯದಿದ್ದರೆ ಅವರ ಊರಿನಲ್ಲೇ ಮರೆತುಹೋಗುತ್ತಿತ್ತು. ಒಬ್ಬರು ತಮಾಷೆಯಾಗಿ ಹೇಗೆ ಮಾತಾಡುತ್ತಿದ್ದರು, ಇನ್ನೊಬ್ಬರು ಕೋಪ ಬಂದಾಗ ಏನು ಮಾಡುತ್ತಿದ್ದರು, ಮತ್ತೊಬ್ಬರು ಎಂಥ ಹುಳಿ ಮಾಡುತ್ತಿದ್ದರು ಎಂದು ಬರೆಯುತ್ತಾ ಹೋಗುತ್ತಾರೆ. ಯಾರು ಎಷ್ಟು ಓದಿದ್ದರು ಎಂಬುದಕ್ಕಿಂತ ಯಾರು ಹೇಗಿದ್ದರು ಎಂಬುದು ಅವರಿಗೆ ಮುಖ್ಯವಾಗಿತ್ತು. ನಮ್ಮ ಶಾಲೆಯ ಗಂಟೆ ಬಾರಿಸಿದವರನ್ನು, ಬಿಸಿಯೂಟದ ಅಕ್ಕಂದಿರನ್ನು, ಬೇಸಿಗೆಯಲ್ಲಿ ಕೊಡ ಹೊತ್ತು ನೀರು ತುಂಬಿದವರನ್ನು ಹಾಗೆ ಬರೆಯಬಲ್ಲವರು ಈ ಐವತ್ತು ವರ್ಷಗಳಲ್ಲಿ ಓದಿದವರ ನಡುವೆ ಯಾರಾದರೂ ಇದ್ದೇ ಇರುತ್ತಾರೆ. ಅವರು ಮೊದಲ ದರ್ಜೆಯವರೇ ಆಗಿರಬೇಕೆಂದಿಲ್ಲ.

1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಿ.ವಿ. ಗುಂಡಪ್ಪನವರಿಗೆ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಮೆಟ್ರಿಕ್ ಆಗಲಿಲ್ಲ, ಇಂಟರ್ ಆಗಲಿಲ್ಲ, ಬಿ.ಎ. ಆಗಲಿಲ್ಲ, ಎಂ.ಎ. ಆಗಲಿಲ್ಲ, ನೇರವಾಗಿ ಡಿ.ಲಿಟ್. ಅವರಿಗೆ ಆಗ 74. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಗರಿಕರು ಸನ್ಮಾನ ಮಾಡಿ ದೊಡ್ಡ ನಿಧಿ ಅರ್ಪಿಸಿದರು. ಅದನ್ನು ಹಾಗೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ತೀರಿಕೊಂಡರು. 1988ರಲ್ಲಿ ಅವರ ಚಿತ್ರದ ಅಂಚೆಚೀಟಿ ಬಂತು.

ಅವರ ಕಾಲದಲ್ಲಿ ನಪಾಸಾದವನಿಗೆ ಮುಂದಿನ ಪರೀಕ್ಷೆಯವರೆಗೆ ಉದ್ದನೆಯ ಕಾಯುವಿಕೆ. ಈಗ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಬಿದ್ದವರು ಕೆಲವೇ ವಾರಗಳಲ್ಲಿ ಎರಡನೆಯದಕ್ಕೆ ಕೂರಬಹುದು. ಇದು ಊರಿನ ಎಷ್ಟೋ ಮನೆಗಳಿಗೆ ಸರಿಯಾಗಿ ಗೊತ್ತಿಲ್ಲ. ಫಲಿತಾಂಶದ ದಿನ ಸಂಜೆಯೊಳಗೆ ಬಿದ್ದ ಮಕ್ಕಳ ಮನೆಗೆ ಯಾರಾದರೂ ಒಬ್ಬರು ಹೋಗಿ ಇದನ್ನು ತಿಳಿಸಬೇಕು. ಮಾಸ್ತರರೇ ಹೋಗಬೇಕೆಂದಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘದವರು ಓಣಿಗೊಬ್ಬರಂತೆ ಹಂಚಿಕೊಂಡರೆ ಸಾಕು. ಹಿಂದೆ ತಾವೇ ಬಿದ್ದು ಎದ್ದವರು ಹೋದರೆ ಇನ್ನೂ ಒಳ್ಳೆಯದು. ಅವರ ಮಾತಿಗೆ ನಮ್ಮಂಥ ಎಂಜಿನಿಯರುಗಳ ಮಾತಿಗಿಂತ ತೂಕ ಹೆಚ್ಚು.

ನಮ್ಮ ಬ್ಯಾಚಿನವರು ಈ ಮಹೋತ್ಸವದ ನೆನಪಿಗೆ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳನ್ನೂ ಕಗ್ಗದ ಹತ್ತು ಪ್ರತಿಗಳನ್ನೂ ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇವೆ. ಶಾಲೆ ಬಿಟ್ಟವರಿಗೂ, ಪರೀಕ್ಷೆ ಮುಗಿಸದವರಿಗೂ ಮನೆಗೆ ಒಯ್ಯಲು ಕೊಡಬೇಕೆಂದು ಮುಖ್ಯಗುರುಗಳಲ್ಲಿ ಕೇಳಿಕೊಂಡಿದ್ದೇವೆ. ಅವರು ಒಪ್ಪಿದ್ದಾರೆ. ಕಪಾಟಿನ ಕೀಲಿ ಕನ್ನಡ ಗುರುಗಳ ಹತ್ತಿರ ಇರುತ್ತದೆ. ಶನಿವಾರ ಮಧ್ಯಾಹ್ನ ಬಂದು ಕೇಳಬಹುದು.